ಮರುಭೂಮಿಯ ಬಿಡಾರ, ಹಕ್ಕಿಗಳ ಲೆಕ್ಕ

ಮರುಭೂಮಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಮರಳಿನ ದಿಬ್ಬಗಳೂ ಒಂಟೆಗಳ ಸಾಲೂ ಬರುವುದು ಸಹಜ. ಆ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿಡಿ. ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ ಕ್ವಾರ್ಟ್ಸೈಟ್ ಎಂಬ ಪುಟ್ಟ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಸುತ್ತ ಹಬ್ಬಿರುವುದು ಸೊನೋರನ್ ಮರುಭೂಮಿ. ಜಲ್ಲಿಕಲ್ಲಿನ ನೆಲ, ಅಲ್ಲಲ್ಲಿ ಕಳ್ಳಿ, ಮುಳ್ಳುಮರ, ಮಳೆ ಬಂದ ದಿನ ಮಾತ್ರ ಹರಿಯುವ ಹಳ್ಳಗಳು ಅಲ್ಲಿಯ ನೋಟ. (ಒಂಟೆ ಇಲ್ಲಿಗೂ ಬಂದಿತ್ತು! 1850ರ ದಶಕದಲ್ಲಿ ಅಮೆರಿಕದ ಸೈನ್ಯ ಸಾಗಣೆಗೆಂದು ಒಂಟೆಗಳನ್ನು ತರಿಸಿತು. ಅವುಗಳ ಜೊತೆ ಬಂದ ಹಾಜಿ ಅಲಿ ಎಂಬಾತ 1902ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ. ಅವನ ಸಮಾಧಿಯ ಮೇಲಿನ ಕಲ್ಲಿನ ಗೋಪುರದ ತುದಿಯಲ್ಲಿ ಇಂದಿಗೂ ಒಂದು ಒಂಟೆಯ ಆಕೃತಿ ನಿಂತಿದೆ.)

ಚಳಿಗಾಲ ಬಂತೆಂದರೆ ಈ ಬಯಲಿಗೆ ಸಾವಿರಾರು ಮನೆಗಾಡಿಗಳು ಬಂದು ಸೇರುತ್ತವೆ. ಮನೆಗಾಡಿ ಎಂದರೆ ಮಂಚ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವನ್ನೂ ಹೊತ್ತ ಚಲಿಸುವ ಮನೆ. ಬರುವವರಲ್ಲಿ ಬಹುಪಾಲು ನಿವೃತ್ತರು. ಉತ್ತರದ ರಾಜ್ಯಗಳ ಮತ್ತು ಕೆನಡಾದ ಹಿಮದಿಂದ ತಪ್ಪಿಸಿಕೊಂಡು ಬಿಸಿಲು ಹುಡುಕಿಕೊಂಡು ಬರುವ ಇವರಿಗೆ ಅಲ್ಲಿಯ ಜನ ಇಟ್ಟ ಅಡ್ಡಹೆಸರು 'ಸ್ನೋ ಬರ್ಡ್ಸ್', ಅಂದರೆ ಹಿಮದ ಹಕ್ಕಿಗಳು. ಸರ್ಕಾರಿ ಜಮೀನಿನ ಉಸ್ತುವಾರಿ ನೋಡುವ ಅಲ್ಲಿಯ ಭೂ ಇಲಾಖೆ 1983ರಿಂದ ಇಂಥವರಿಗಾಗಿಯೇ ಕೆಲವು ಬಯಲುಗಳನ್ನು ಮೀಸಲಿಟ್ಟಿದೆ. ಶುಲ್ಕ ಕಟ್ಟಿದವರು ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ಬಿಡಾರ ಹೂಡಬಹುದು. ಕ್ವಾರ್ಟ್ಸೈಟ್ ಬಳಿಯ ಲಾ ಪೋಸಾ ಬಯಲೊಂದೇ ಸುಮಾರು 11,400 ಎಕರೆ. ಹೊರಗಿನ ಸಾಮಾನ್ಯ ಸರ್ಕಾರಿ ನೆಲದಲ್ಲಾದರೋ 14 ದಿನಕ್ಕೆ ಜಾಗ ಖಾಲಿ ಮಾಡಬೇಕು.

ಬಂದವರೆಲ್ಲರೂ ವಿಹಾರಕ್ಕೆ ಬಂದವರೆಂದು ಭಾವಿಸಬೇಡಿ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡವರೂ, ಬರುವ ಪಿಂಚಣಿಯಲ್ಲಿ ಬಾಡಿಗೆ ಕಟ್ಟಲಾರದವರೂ ಇವರ ನಡುವೆ ಇದ್ದಾರೆ. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಬರೆದ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಅಂಥವರನ್ನು ಕುರಿತದ್ದು. ಒಬ್ಬರಿಗೆ ರಜೆಯಾದದ್ದು ಪಕ್ಕದ ಗಾಡಿಯವರಿಗೆ ಉಳಿದಿರುವ ಒಂದೇ ಮನೆ ಆಗಿರಬಹುದು.

ಇನ್ನು ದಿನಚರಿ. ಇಲ್ಲಿ ನಲ್ಲಿಯಿಲ್ಲ, ವಿದ್ಯುತ್ ಕಂಬವಿಲ್ಲ. ಗಾಡಿಯ ಮಾಡಿನ ಮೇಲೆ ಸೌರಫಲಕ, ಒಳಗೆ ಬ್ಯಾಟರಿ. ನೀರು ಮಾತ್ರ ತುಂಬಿಸಿ ತಂದದ್ದಷ್ಟೇ. ತೊಟ್ಟಿಯಲ್ಲಿ 150 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. ಇಬ್ಬರು ಅದರಲ್ಲಿ ಹತ್ತು ದಿನ ಕಳೆಯಬೇಕಾದರೆ ತಲೆಗೆ ದಿನಕ್ಕೆ ಏಳೂವರೆ ಲೀಟರ್. ಕುಡಿಯಲು, ಅಡುಗೆಗೆ, ಪಾತ್ರೆಗೆ, ಮೈಗೆ ಎಲ್ಲಕ್ಕೂ ಸೇರಿ. ನಾವು ಒಂದು ಬಕೆಟ್ಟಿನಲ್ಲಿ ಮುಗಿಸುವ ಸ್ನಾನದ ಅರ್ಧದಷ್ಟೂ ಆಗಲಿಲ್ಲ! ಆದ್ದರಿಂದ ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವುದು, ಸೋಪು ಹಚ್ಚಿಕೊಳ್ಳುವಾಗ ನೀರು ನಿಲ್ಲಿಸುವುದು ರೂಢಿ. ಬೇಸಿಗೆಯ ಬರದಲ್ಲಿ ಟ್ಯಾಂಕರಿಗಾಗಿ ಕಾದ ನಮ್ಮ ಊರುಗಳ ಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಚಳಿ ಇಳಿಯುವ ಹೊತ್ತಿಗೆ ಗಾಡಿಗಳ ಮುಂದೆ ಮಡಿಸುವ ಕುರ್ಚಿಗಳು ಬೀಳುತ್ತವೆ. ಕೈಯಲ್ಲಿ ಕಾಫಿ, ಕೊರಳಲ್ಲಿ ದುರ್ಬೀನು. ಓಡಾಡಲಾರದ ಮುದುಕರಿಗೂ ಹಕ್ಕಿ ನೋಡಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ಗಿಡಗಳು ವಿರಳವಾದ್ದರಿಂದ ಹಕ್ಕಿ ಅಡಗುವುದು ಕಷ್ಟ. ಹಣೆಯ ಮೇಲೆ ಜುಟ್ಟಿನ ಗರಿ ಬಾಗಿಸಿಕೊಂಡ ಗ್ಯಾಂಬೆಲ್ ಲಾವುಗೆಗಳು ಗುಂಪಾಗಿ ಓಡುತ್ತ ಬಂದು ಧೂಳಿನಲ್ಲಿ ಹೊರಳುತ್ತವೆ. ರೋಡ್‌ರನ್ನರ್ ಎಂಬ ಉದ್ದ ಬಾಲದ ಹಕ್ಕಿ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬೆನ್ನಿನ ಗರಿಗಳನ್ನು ಬಿಡಿಸಿ, ಒಳಗಿನ ಕಪ್ಪು ಚರ್ಮಕ್ಕೆ ಬಿಸಿಲು ಕುಡಿಸುತ್ತದೆ. ರಾತ್ರಿ ಇಳಿದ ಮೈಶಾಖವನ್ನು ಆಹಾರ ಖರ್ಚು ಮಾಡದೆ ಏರಿಸಿಕೊಳ್ಳುವ ಉಪಾಯ ಅದು. ಕುರ್ಚಿಯಲ್ಲಿ ಬಿಸಿಲು ಕಾಯಿಸುವ ಅಜ್ಜನೂ ಮಾಡುವುದು ಬಹುಮಟ್ಟಿಗೆ ಅದನ್ನೇ. ಅಂದ ಹಾಗೆ, ಈ ಹಕ್ಕಿ ಕೋಗಿಲೆಯ ಕುಟುಂಬದ್ದು. ನಮ್ಮ ಹಿತ್ತಲಿನ ಕೆಂಬೂತಕ್ಕೆ ದೂರದ ನೆಂಟ.

ಚೋಯಾ ಎಂಬ ಮುಳ್ಳುಕಳ್ಳಿಯಲ್ಲಿ ಜನವರಿಯಲ್ಲಿಯೇ ಹುಲ್ಲಿನ ಗೂಡುಗಳು ಕಾಣುತ್ತವೆ. ಹೊಸದಾಗಿ ಬಂದವರು ಮರಿಗಳಿರಬಹುದೆಂದು ಕಾಯುವುದುಂಟು. ಅವು ಕ್ಯಾಕ್ಟಸ್ ರೆನ್ ಎಂಬ ಹಕ್ಕಿಯ ಮಲಗುವ ಕೋಣೆಗಳು! ಮರಿ ಮಾಡಲು ಒಂದು ಗೂಡಾದರೆ, ರಾತ್ರಿ ಕಳೆಯಲು ಬೇರೆ ಗೂಡು. ಅರಿಜೋನಾ 1931ರಲ್ಲಿ ರಾಜ್ಯಪಕ್ಷಿಯಾಗಿ ಆರಿಸಿಕೊಂಡದ್ದು ಇದನ್ನೇ. ಇನ್ನೊಂದು ಫೈನೊಪೆಪ್ಲಾ, ಕಪ್ಪು ರೇಷ್ಮೆಯಂತೆ ಹೊಳೆಯುವ ಹಕ್ಕಿ. ಮುಳ್ಳುಮರಗಳಿಗೆ ಅಂಟಿಕೊಂಡು ಬೆಳೆಯುವ ಬಂದಳಿಕೆಯ ಹಣ್ಣು ಅದರ ಮುಖ್ಯ ಆಹಾರ. ಅದು ವಿಸರ್ಜಿಸಿದ ಬೀಜ ಮತ್ತೊಂದು ಕೊಂಬೆಗೆ ಅಂಟಿ ಮೊಳೆಯುತ್ತದೆ. ನಮ್ಮ ಮಾವಿನ ಮರಗಳಲ್ಲಿ ಇದೇ ಕೆಲಸವನ್ನು ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿ ಮಾಡುತ್ತದೆ.

ಈಗ ನೀರಿನ ಮಾತಿಗೆ ಬರೋಣ. ಗಾಡಿಯಲ್ಲಿರುವವರಿಗೆ ತೊಟ್ಟಿ ಇದೆ. ಹಕ್ಕಿಗೆ? ಪಾರಿವಾಳದ ಜಾತಿಯವು ನೀರಿಗಾಗಿ ಮೈಲಿಗಟ್ಟಲೆ ಹಾರುತ್ತವೆ. ಕ್ಯಾಕ್ಟಸ್ ರೆನ್ ನೀರನ್ನೇ ಹುಡುಕದೆ, ತಿಂದ ಹುಳುಗಳಲ್ಲಿನ ತೇವದಿಂದಲೇ ಬಹುಪಾಲು ಬದುಕಬಲ್ಲದು. ರೋಡ್‌ರನ್ನರ್ ಹಲ್ಲಿ, ಹಾವುಗಳ ಮೈಯಿಂದ ನೀರು ಪಡೆದು, ಹೆಚ್ಚಾದ ಉಪ್ಪನ್ನು ಮೂಗಿನ ಬಳಿಯ ಗ್ರಂಥಿಯಿಂದ ಹೊರಹಾಕುತ್ತದೆ. ಚಳಿಗಾಲದಲ್ಲಿ ಇಷ್ಟು ಸಾಕು. ಆದರೆ ಬೇಸಿಗೆಯಲ್ಲಿ ಇಲ್ಲಿಯ ಉಷ್ಣತೆ 43 ಡಿಗ್ರಿ ಸೆಲ್ಷಿಯಸ್ ದಾಟುವುದು ಮಾಮೂಲು. ಹಕ್ಕಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು ಒಳಗಿನ ತೇವವನ್ನು ಆವಿ ಮಾಡಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಹೊರಗೆ ಒಂದೆರಡು ಡಿಗ್ರಿ ಏರಿದರೂ ಬೇಕಾಗುವ ನೀರು ಬಹಳ ಏರುತ್ತದೆ. ಹುಳುಗಳು ಮಾತ್ರ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ.

ಇದು ಬರಿಯ ಊಹೆಯಲ್ಲ. ನೆರೆಯ ಮೊಹಾವಿ ಮರುಭೂಮಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಜೋಸೆಫ್ ಗ್ರಿನೆಲ್ ಮತ್ತು ಸಂಗಡಿಗರು ಹಕ್ಕಿಗಳನ್ನು ಕಂಡಂತೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಸುಮಾರು ನೂರು ವರ್ಷದ ನಂತರ ಬರ್ಕ್ಲಿಯ ಸಂಶೋಧಕರು ಅದೇ ಸ್ಥಳಗಳಿಗೆ ಹೋಗಿ ಮತ್ತೆ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೊಂದು ಸ್ಥಳದಲ್ಲಿ ಸರಾಸರಿ ಶೇಕಡ 43ರಷ್ಟು ಪ್ರಭೇದಗಳು ಕಡಿಮೆಯಾಗಿದ್ದವು. ಮುಖ್ಯ ಕಾರಣ, ಮಳೆ ಕಡಿಮೆಯಾದದ್ದು. ಹಳೆಯ ಟಿಪ್ಪಣಿಗಳು ಇಲ್ಲದಿದ್ದರೆ ಈ ನಷ್ಟ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಲ್ಲದ ಹಕ್ಕಿಯನ್ನು ಕಾಣುವುದು ಹೇಗೆ, ಹೇಳಿ?

ಬಿಡಾರದ ನಿವೃತ್ತರ ನೋಟ್‌ಬುಕ್ಕಿಗೆ ಬೆಲೆ ಬರುವುದು ಇಲ್ಲಿಯೇ. ಒಂದೇ ಕುರ್ಚಿ, ಒಂದೇ ಗಿಡ, ದಿನವೂ ಅದೇ ಹೊತ್ತು, ವರ್ಷವರ್ಷವೂ ಅದೇ ತಿಂಗಳು. ಸಂಬಳಕ್ಕೆ ದುಡಿಯುವ ವಿಜ್ಞಾನಿಗೆ ಇಷ್ಟು ಬಿಡುವು ಎಲ್ಲಿಯದು? ಅಲ್ಲಿ 1900ರ ಕ್ರಿಸ್‌ಮಸ್ ದಿನ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞ, ಹಬ್ಬದಂದು ಹಕ್ಕಿಗಳನ್ನು ಗುಂಡಿಟ್ಟು ಹೊಡೆಯುವ ಪದ್ಧತಿಗೆ ಬದಲಾಗಿ ಎಣಿಕೆಯನ್ನು ಆರಂಭಿಸಿದ. ಮೊದಲ ವರ್ಷ ಎಣಿಸಿದವರು 27 ಜನ. ಡಿಸೆಂಬರ್ 14ರಿಂದ ಜನವರಿ 5ರವರೆಗೆ ಇದು ಇಂದಿಗೂ ನಡೆಯುತ್ತದೆ. ಮರುಭೂಮಿಯಲ್ಲಿ ಬಿಡಾರಗಳು ತುಂಬಿರುವ ಕಾಲವೂ ಅದೇ.

ಬಿಡುವಿನ ಕಣ್ಣು ಏನನ್ನು ಹಿಡಿಯಬಲ್ಲದು ಎಂಬುದಕ್ಕೆ ಎಡ್ಮಂಡ್ ಯೇಗರ್ ಉದಾಹರಣೆ. ಆತ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಕಾಲೇಜು ಅಧ್ಯಾಪಕ. 1946ರ ಡಿಸೆಂಬರ್ ಕೊನೆಯಲ್ಲಿ ವಿದ್ಯಾರ್ಥಿಗಳೊಡನೆ ಚಕ್ವಾಲಾ ಬೆಟ್ಟಗಳಿಗೆ ಹೋದ. ಕ್ವಾರ್ಟ್ಸೈಟ್‌ನಿಂದ ಪಶ್ಚಿಮಕ್ಕೆ, ಕೊಲರಾಡೊ ನದಿಯ ಆಚೆಗಿರುವ ಬೆಟ್ಟಗಳವು. ಬಂಡೆಯ ಒಂದು ಪೊಟರೆಯಲ್ಲಿ ಪೂರ್‌ವಿಲ್ ಎಂಬ ಹಕ್ಕಿ, ನಮ್ಮ ನತ್ತಿಂಗನ ಜಾತಿಯದು, ಕಲ್ಲಿನಂತೆ ಕುಳಿತಿತ್ತು. ಮುಟ್ಟಿದರೂ ಹಾರಲಿಲ್ಲ. ಮುಂದಿನ ಚಳಿಗಾಲ ಅದೇ ಪೊಟರೆಯಲ್ಲಿ ಹಕ್ಕಿ ಸಿಕ್ಕಿತು. ಕಾಲಿಗೆ ಉಂಗುರ ತೊಡಿಸಿ ಮತ್ತೆ ಮತ್ತೆ ಹೋಗಿ ತೂಕ ಮಾಡಿದ, ಉಷ್ಣತೆ ಅಳೆದ. ಎದೆಗೆ ಸ್ಟೆತಸ್ಕೋಪು ಇಟ್ಟರೆ ಬಡಿತ ಕೇಳಿಸದು. ಮೂಗಿಗೆ ಕನ್ನಡಿ ಹಿಡಿದರೆ ಹಬೆ ಕಟ್ಟದು. ಸಾಮಾನ್ಯವಾಗಿ 41 ಡಿಗ್ರಿ ಆಸುಪಾಸಿನಲ್ಲಿರಬೇಕಾದ ಮೈಶಾಖ 18-20 ಡಿಗ್ರಿಗೆ ಇಳಿದಿತ್ತು. ಈ ಸ್ಥಿತಿಯನ್ನು ಆತ 85 ದಿನಗಳ ಕಾಲ ಗುರುತಿಸಿದ. ಹಕ್ಕಿಯೂ ಕರಡಿಯಂತೆ ಚಳಿಗಾಲದ ದೀರ್ಘನಿದ್ರೆ ಮಾಡಬಲ್ಲದೆಂದು ವಿಜ್ಞಾನ ಒಪ್ಪಿದ್ದು ಆಗ. ಹೋಪಿ ಜನರ ಭಾಷೆಯಲ್ಲಾದರೋ ಈ ಹಕ್ಕಿಯ ಹೆಸರಿನ ಅರ್ಥವೇ 'ಮಲಗುವುದು' ಎಂದು!

ಹಕ್ಕಿಗಳ ಮೇಲಿನ ಅಕ್ಕರೆಯಿಂದ ಕೆಲವರು ಗಾಡಿಯ ಮುಂದೆ ಕಾಳು ಚೆಲ್ಲುತ್ತಾರೆ, ನೀರು ಇಡುತ್ತಾರೆ. ಹಮ್ಮಿಂಗ್ ಬರ್ಡ್‌ಗಳಿಗೆ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ತೂಗುಹಾಕುವುದಂತೂ ಬಹಳ ಜನಪ್ರಿಯ. ಬಣ್ಣ ಹಾಕದೆ, ಎರಡು ಮೂರು ದಿನಕ್ಕೊಮ್ಮೆ ತೊಳೆದು ಬದಲಿಸಿದರೆ ಇದರಿಂದ ಕೇಡಿಲ್ಲ. ಆದರೆ ಕಾಳು ಚೆಲ್ಲಿದ ಕಡೆ ಗುಂಪು ಸೇರುವ ಹಕ್ಕಿಗಳಿಗೆ ರೋಗ ಹರಡುವುದು ಸುಲಭ, ಗಿಡುಗಗಳಿಗೆ ಬೇಟೆಯೂ ಸುಲಭ. ನನ್ನ ಮಟ್ಟಿಗೆ, ಒಣಗಿ ನಿಂತ ಮುಳ್ಳುಮರವನ್ನು ಶಿಬಿರದ ಬೆಂಕಿಗೆ ಕಡಿಯದೆ ಬಿಡುವುದೇ ಕಾಳಿಗಿಂತ ದೊಡ್ಡ ಉಪಕಾರ.

ನೀವೂ ಎಣಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'ನಲ್ಲಿ ಅರಿಜೋನಾದ ಬಿಡಾರದವರೂ ಕರ್ನಾಟಕದ ಕಾಲೇಜುಗಳವರೂ ಒಂದೇ ಪಟ್ಟಿಗೆ ಲೆಕ್ಕ ಸೇರಿಸುತ್ತಾರೆ. ಭಾರತ ಸೇರಿದ್ದು 2013ರಲ್ಲಿ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು, ಕಂಡ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಬರೆದರೆ ಸಾಕು. ಕಾಗೆಯನ್ನು ಬಿಡಬೇಡಿ.

ಏಪ್ರಿಲ್ ಬಂದಂತೆ ಲಾ ಪೋಸಾದ ಗಾಡಿಗಳು ಒಂದೊಂದಾಗಿ ಉತ್ತರಕ್ಕೆ ತಿರುಗುತ್ತವೆ. ಫೈನೊಪೆಪ್ಲಾಗಳೂ ಮರಿಗಳನ್ನು ಹಾರಿಸಿ ತಂಪಿನ ಕಾಡುಗಳತ್ತ ಹೊರಡುತ್ತವೆ. ಅದೇ ಹೊತ್ತಿಗೆ ಸೊನೋರನ್ ಮರುಭೂಮಿಯ ಸಗ್ವಾರೊ ಕಳ್ಳಿಗಳಲ್ಲಿ ಮರಕುಟಿಗ ಕೊರೆದು ಬಿಟ್ಟ ತೂತುಗಳಿಗೆ ಎಲ್ಫ್ ಗೂಬೆಗಳು ಮೆಕ್ಸಿಕೊ ಕಡೆಯಿಂದ ಬಂದು ಸೇರುತ್ತವೆ; ಗುಬ್ಬಚ್ಚಿಯಷ್ಟೇ ಗಾತ್ರದ ಗೂಬೆಗಳವು. ಜೂನ್, ಜುಲೈ ತಿಂಗಳಲ್ಲಿ ಹಕ್ಕಿಗಳಿಗೆ ನೀರಿನ ನಿಜವಾದ ಪರೀಕ್ಷೆ ನಡೆಯುತ್ತದೆ. ಆಗ ಆ ಬಯಲಿನಲ್ಲಿ ಕುರ್ಚಿ ಹಾಕಿ ಕೂತು ಬರೆದಿಡುವವರು ಬಹಳ ಕಡಿಮೆ.