ಬಲ್ಲ ಮನೆಯಲ್ಲಿ ಮತ್ತೆ ಭಯವೇಕೆ?

ಪ್ರಶ್ನೆ: ‘ರೆಸಿಡೆಂಟ್ ಈವಿಲ್’ ಎಂಬ ಹಳೆಯ ವಿಡಿಯೊ ಆಟ ಬಾಯಿಪಾಠವಾದವರನ್ನೂ ಅದರ ಮರುನಿರ್ಮಾಣ ಹೆದರಿಸುವುದೇಕೆ? (ಓದುಗರು, ಶಹಾಪುರ)

ಉತ್ತರ: ಯಾದಗಿರಿ ಕೋಟೆಯ ಮೆಟ್ಟಿಲುಗಳನ್ನು ಕತ್ತಲಲ್ಲಿಯೂ ನಿರಾಯಾಸವಾಗಿ ಏರಬಲ್ಲವನು, ಯಾರಾದರೂ ಒಂದು ಮೆಟ್ಟಿಲನ್ನು ಕದಲಿಸಿಟ್ಟರೆ, ಹೊಸಬನಿಗಿಂತ ಮೊದಲು ಎಡವುವನು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ಆ ಮೂಲಕೃತಿಯನ್ನು 1996ರಲ್ಲಿ ನಿರ್ದೇಶಿಸಿದ ಶಿಂಜಿ ಮಿಕಾಮಿಯೇ 2002ರ ಮರುನಿರ್ಮಾಣವನ್ನೂ ನಿರ್ದೇಶಿಸಿದುದರಿಂದ, ಆಟಗಾರನ ಸ್ಮೃತಿಯು ಎಲ್ಲೆಲ್ಲಿ ನಿಶ್ಚಿಂತವಾಗಿರುವುದೆಂಬುದು ಆತನಿಗೆ ವಿದಿತವಾಗಿದ್ದಿತು. ಆಟ ನಡೆಯುವ ಮನೆಯಲ್ಲಿ, ಹಿಂದೆ ಕಿಟಕಿಯೊಡೆದು ನಾಯಿಗಳು ನುಗ್ಗುತ್ತಿದ್ದ ಇಕ್ಕಟ್ಟಾದ ಒಳದಾರಿಯಲ್ಲಿ ಈಗ ಮೊದಲ ಸಲ ಗಾಜು ಬಿರುಕುಬಿಟ್ಟು ಸುಮ್ಮನಾಗುವುದು. ನಾಯಿಗಳ ಆಗಮನ ಅನಂತರ, ನಾವು ಮೈಮರೆತಿರುವಾಗ. ಈ ಕೌಟಿಲ್ಯದಲ್ಲಿ, 2019ರಲ್ಲಿ ಬಂದ ಎರಡನೆಯ ಭಾಗದ ಮರುನಿರ್ಮಾಣಕ್ಕಿಂತಲೂ 2002ರದೇ ಮಿಗಿಲೆಂದು ನನ್ನ ಮತ. ಇದರಲ್ಲಿ ಇನ್ನೊಂದು ಕೌಟಿಲ್ಯವೂ ಉಂಟು: ಮೇಲೆರಗುವ ನಡೆದಾಡುವ ಶವವನ್ನು ಉರುಳಿಸಿ, ಅದರ ಶಿರಸ್ಸನ್ನು ಛಿದ್ರಗೊಳಿಸದೆ, ಸೀಮೆಎಣ್ಣೆ ಸುರಿದು ಸುಡದೆ ಬಿಟ್ಟುದಾದರೆ, ಅದು ಕೆಲಕಾಲದ ಮೇಲೆ ರಕ್ತವರ್ಣ ತಾಳಿ, ಮೊದಲಿಗಿಂತ ವೇಗವಾಗಿ ಬೆನ್ನಟ್ಟುವುದು. ಸೀಮೆಎಣ್ಣೆಯೋ, ಎಲ್ಲ ಶವಗಳಿಗೂ ಸಾಲದು.