ಊರು ಮತ್ತು ಮನೆ: ಮುಂಬಯಿ ಕನ್ನಡಿಗರ ಎರಡನೆಯ ತಲೆಮಾರು

ಹೊರನಾಡ ಕನ್ನಡಿಗರ ಬದುಕನ್ನು ಕುರಿತ ಚರ್ಚೆಗಳಲ್ಲಿ ‘ಊರು’ ಮತ್ತು ‘ಮನೆ’ ಎಂಬ ಮಾತುಗಳು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರ ಮಟ್ಟಿಗೆ ಇವು ಬೇರೆ ಬೇರೆ. ಮನೆಯೆಂದರೆ ಚಾಳಿನ ಕೋಣೆ ಇಲ್ಲವೇ ಉಪನಗರದ ಫ್ಲಾಟು. ಊರೆಂದರೆ ಬೇಸಗೆಯ ರಜೆಯಲ್ಲಿ ಹೋಗಿಬರುವ ಉಡುಪಿ, ಕುಂದಾಪುರ, ಅಂಕೋಲೆಗಳ ಆಸುಪಾಸಿನ ಹಳ್ಳಿ.

ಈ ಅಂತರಕ್ಕೆ ಚಾರಿತ್ರಿಕ ಹಿನ್ನೆಲೆಯೂ ಇದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಕಾರವಾರದಿಂದ ಓದಿಗೋ ನೌಕರಿಗೋ ಬಂದವನು ತನ್ನ ರಾಜಧಾನಿಗೇ ಬಂದಿದ್ದನು. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಿಂದ ಹೋಟೆಲಿನ ದುಡಿಮೆಗೆಂದು ಬಂದವರು ಮೊದಲಿನಿಂದಲೂ ಹೊರಗಿನವರೇ. ರಾಜ್ಯಗಳ ಪುನರ್ವಿಂಗಡಣೆಯಾದ ದಿನ ಕಾರವಾರದವನೂ ತಾನಿದ್ದ ಕೋಣೆಯನ್ನು ಬಿಡದೆಯೇ ಹೊರನಾಡಿಗನಾದನು. ಆತನ ಮಕ್ಕಳು ಹುಟ್ಟಿದ್ದೇ ಹೊರನಾಡಿನಲ್ಲಿ.

ಈ ಮಕ್ಕಳ ಭಾಷಾಲೋಕ ಹಲವು ಕವಲಿನದು. ಮನೆಯಲ್ಲಿ ತುಳು ಅಥವಾ ಕೊಂಕಣಿ, ನೆರೆಯವರೊಡನೆ ಮರಾಠಿ, ರೈಲಿನಲ್ಲಿ ಹಿಂದಿ, ಉದ್ಯೋಗಕ್ಕೆ ಇಂಗ್ಲಿಷು. ಅನೇಕ ಕುಟುಂಬಗಳಲ್ಲಿ ಕನ್ನಡವು ಮನೆಮಾತಲ್ಲ. ಅದು ಶಾಲೆಯ, ಯಕ್ಷಗಾನದ, ಪತ್ರಿಕೆಯ, ಸಂಘದ ಭಾಷೆ. ಹಗಲು ದುಡಿದವರಿಗೆ ಅಕ್ಷರ ಕಲಿಸಿದ ರಾತ್ರಿಶಾಲೆಗಳೂ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್‌ನಂಥ ಸಂಸ್ಥೆಗಳೂ ಇದರಿಂದಾಗಿಯೇ ಮುಖ್ಯವಾಗುತ್ತವೆ. ಮನೆಯ ಹೊರಗೆ ಕನ್ನಡಕ್ಕೆ ಒಂದು ಮನೆಯನ್ನು ಕಟ್ಟಿಕೊಟ್ಟವು ಅವು.

ಎರಡು ಕಡೆಗೆ ಸೇರಿದವರು ಎಲ್ಲಿಯೂ ಸಲ್ಲದವರಾಗುತ್ತಾರೆಂಬ ಆತಂಕ ಸಹಜ. ಆದರೆ ಮುಂಬಯಿಯಲ್ಲಿ ಈ ಸ್ಥಿತಿ ಕನ್ನಡಿಗರೊಬ್ಬರದೇ ಅಲ್ಲ. ಅದೇ ಚಾಳಿನ ರತ್ನಾಗಿರಿಯ ಕುಟುಂಬವೂ ಗಣೇಶ ಚತುರ್ಥಿಗೆ ತನ್ನ ‘ಗಾವ್’ಗೆ ಹೊರಡುತ್ತದೆ. ಬೇರೆಡೆ ಒಂದು ಊರಿರುವುದು ಈ ನಗರದ ವಾಡಿಕೆ. ಆ ವಾಡಿಕೆಯಲ್ಲಿ ಪಾಲುಗೊಳ್ಳುವುದರಿಂದಲೇ ಕನ್ನಡದ ಮಗು ಮುಂಬಯಿಯದಾಗುತ್ತದೆ.

ಸಾಹಿತ್ಯದಲ್ಲಿ ಈ ಸಂಬಂಧದ ಒಂದು ಮುಖ ಯಶವಂತ ಚಿತ್ತಾಲರಲ್ಲಿದೆ. 1928ರಲ್ಲಿ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅವರು ಹಳ್ಳಿಯ ಕಥೆಗಳನ್ನೂ, ಮಹಾನಗರದ ‘ಶಿಕಾರಿ’ (1979) ಕಾದಂಬರಿಯನ್ನೂ ಬರೆದರು. ಬಾಲ್ಯ ಕಳೆದ ಹಳ್ಳಿ ಅವರ ಪಾಲಿಗೆ ಸ್ವಂತ ನೆನಪು. ಎರಡನೆಯ ತಲೆಮಾರಿಗೆ ಅಂಥ ನೆನಪಿಲ್ಲ. ಹಿರಿಯರ ಮಾತಿನಲ್ಲಿ ಕೇಳಿದ ಊರಷ್ಟೇ ಇದೆ. ನೆನಪನ್ನು ಆಸ್ತಿಯಂತೆ ಹಂಚಲಾಗದು. ಭಾಷೆಯನ್ನು ಕಲಿಸಬಹುದು.

ಇಂದಿನ ಪ್ರಶ್ನೆ ಇರುವುದು ಇಲ್ಲಿಯೇ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿಯ ಊರು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಇತ್ತ ನಗರದ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತ ಬಂದವು. ಊರಿನ ನಿಲ್ದಾಣದಲ್ಲಿ ಇಳಿದ ಮೊಮ್ಮಗನು ಅಜ್ಜಿಯೊಡನೆ ಮನೆಮಾತಿನಲ್ಲಿ ನಾಲ್ಕು ಮಾತಾಡಬಲ್ಲನು. ನಿಲ್ದಾಣದ ಕನ್ನಡ ಫಲಕವನ್ನು ಓದಲಾರನು. ದಾರಿ ಹತ್ತಿರವಾದಂತೆ ಅಕ್ಷರ ದೂರವಾಗಿದೆ. ಅಕ್ಷರವಿಲ್ಲದವನಿಗೆ ಚಿತ್ತಾಲರ ಹನೇಹಳ್ಳಿಯೂ ಇಲ್ಲ, ಅವರ ಮುಂಬಯಿಯೂ ಇಲ್ಲ.

ಮನೆಯನ್ನು ಮುಂಬಯಿ ಕೊಟ್ಟಿದೆ, ಊರನ್ನು ಹಿರಿಯರು ಉಳಿಸಿದ್ದಾರೆ. ಎರಡನ್ನೂ ತನ್ನದೆಂದು ಹೇಳಿಕೊಳ್ಳುವ ಭಾಷೆಯನ್ನು ಮುಂದಿನ ತಲೆಮಾರಿಗೆ ಕೊಡಬೇಕಾದುದು ಸಂಘಗಳ, ಶಾಲೆಗಳ, ಕುಟುಂಬಗಳ ಹೊಣೆ. ವಾರಕ್ಕೊಂದು ಗಂಟೆಯ ಅಕ್ಷರಾಭ್ಯಾಸದಿಂದಲಾದರೂ ಅದು ಆರಂಭವಾಗಬೇಕು.