ಖಾತೆಯ ಅಜ್ಞಾತವಾಸ

ನಿವೃತ್ತನಾದ ಮೇಲೆ ನಾನು ಹಚ್ಚಿಕೊಂಡ ಹವ್ಯಾಸಗಳಲ್ಲಿ ಫೇಸ್‌ಬುಕ್ಕೂ ಒಂದು. ಹಳಗನ್ನಡದ ಒಂದೊಂದು ಶಬ್ದವನ್ನು ಆರಿಸಿಕೊಂಡು, ಅದರ ಅರ್ಥ, ಪ್ರಯೋಗಗಳನ್ನು ಕುರಿತು ಅಲ್ಲಿ ನಾಲ್ಕಾರು ಸಾಲು ಬರೆಯುತ್ತಿದ್ದೆ. ಕೆಲವು ವರ್ಷ ಇದು ಸುಖವಾಗಿಯೇ ನಡೆಯಿತು. ಒಂದು ಸಂಜೆ, ಒಂದು ಶಬ್ದವು ದೇಶ್ಯವೋ ತದ್ಭವವೋ ಎಂದು ಆರಂಭವಾದ ಚರ್ಚೆ ಜಗಳವಾಗಿ, ಜಗಳವು ನಿಂದೆಯಾಗಿ ಬೆಳೆಯಿತು. ನನ್ನ ಮಾತೂ ಅಂದು ಹತೋಟಿಯಲ್ಲಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಿದ್ದೆ ಬಾರದೆ ಎದ್ದು ಕುಳಿತು, ಖಾತೆಯನ್ನೇ ಅಳಿಸಿಬಿಡುವುದೆಂದು ನಿಶ್ಚಯಿಸಿದೆ.

ತಡೆದವಳು ಮಗಳು. "ಅಳಿಸಬೇಡಿ ಅಪ್ಪ, ಸ್ವಲ್ಪ ದಿನ ಡೀಆಕ್ಟಿವೇಟ್ ಮಾಡಿಡಿ" ಎಂದಳು. ಎರಡಕ್ಕೂ ಭೇದವೇನೆಂದು ಕೇಳಿದೆ. ಆ ಭೇದವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ವಿರಾಟನಗರಿಯನ್ನು ಹೊಗುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿಟ್ಟರು, ಹೊಳೆಗೆ ಎಸೆಯಲಿಲ್ಲ. ಕಾಲ ಬಂದಾಗ ಅವು ಇಟ್ಟಂತೆಯೇ ದೊರೆತವು. ಖಾತೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವುದೆಂದರೆ ಇದೇ. ಆಗ ನಮ್ಮ ಪುಟವೂ ಅಲ್ಲಿನ ಬರೆಹ, ಚಿತ್ರಗಳೂ ಪರರ ಕಣ್ಣಿಗೆ ಬೀಳುವುದಿಲ್ಲ. ನಾವು ಹಿಂದೆ ಇತರರಿಗೆ ಕಳುಹಿಸಿದ ಖಾಸಗಿ ಸಂದೇಶಗಳು ಮಾತ್ರ ಅವರ ಬಳಿ ಉಳಿದಿರುತ್ತವೆ. ಮತ್ತೆ ಗುಪ್ತಪದ ಕೊಟ್ಟು ಒಳಹೊಕ್ಕರೆ ಎಲ್ಲವೂ ಮೊದಲಿನಂತೆ ತೆರೆದುಕೊಳ್ಳುತ್ತದೆ. ಒಂದು ಎಚ್ಚರಿಕೆ ಅಗತ್ಯ: ಬೇರೆ ಯಾವುದಾದರೂ ಆ್ಯಪನ್ನು ಫೇಸ್‌ಬುಕ್ ಖಾತೆಯ ಮೂಲಕ ತೆರೆದರೆ, ಮಲಗಿದ್ದ ಖಾತೆ ನಮಗರಿವಿಲ್ಲದೆಯೇ ಎಚ್ಚರಗೊಂಡೀತು.

ಅಳಿಸುವುದರ ರೀತಿ ಬೇರೆ. ಫೇಸ್‌ಬುಕ್ ಮನಸ್ಸು ಬದಲಿಸಲು 30 ದಿನಗಳ ಅವಕಾಶ ಕೊಡುತ್ತದೆ; 2018ಕ್ಕೆ ಮೊದಲು ಇದು 14 ದಿನವಿತ್ತು. ಗಡುವು ಮೀರಿದರೆ ಖಾತೆ ಮರಳದು. ಸಂಸ್ಥೆಯ ಸಂಗ್ರಹದಿಂದ ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು.

ಶಬ್ದಾರ್ಥದ ವಿದ್ಯಾರ್ಥಿಯಾದ ನನಗೆ ಕುತೂಹಲವೆನಿಸಿದ್ದು ಇನ್ನೊಂದು ಸಂಗತಿ. ಒಂದೇ ಶಬ್ದಕ್ಕೆ ಎಲ್ಲೆಡೆ ಒಂದೇ ಅರ್ಥವಿಲ್ಲ. ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್‌ನಲ್ಲಿ ಡೀಆಕ್ಟಿವೇಟ್ ಎಂದರೆ ವಿಶ್ರಾಂತಿಯಲ್ಲ, ಅಳಿವಿನ ಮೊದಲ ಹೆಜ್ಜೆ. 30 ದಿನಗಳೊಳಗೆ ಹಿಂತಿರುಗದಿದ್ದರೆ ಆ ಖಾತೆ ಇಲ್ಲವಾಗುತ್ತದೆ. ಆದ್ದರಿಂದ ಗುಂಡಿಯನ್ನೊತ್ತುವ ಮುನ್ನ ಅಲ್ಲಿನ ನಿಯಮವನ್ನು ಓದುವುದು ಲೇಸು.

ಹಾಗಾದರೆ ಅಳಿಸುವುದೇ ತಪ್ಪೇ? ಖಂಡಿತ ಅಲ್ಲ. ನಿಷ್ಕ್ರಿಯಗೊಳಿಸಿದ ಖಾತೆಯ ಮಾಹಿತಿಯೆಲ್ಲ ಸಂಸ್ಥೆಯ ಕೈಯಲ್ಲಿಯೇ ಇರುತ್ತದೆ. ತನ್ನ ವಿವರಗಳು ಪರರಲ್ಲಿ ಇರಕೂಡದೆಂದು ಸಮಚಿತ್ತದಿಂದ ತೀರ್ಮಾನಿಸಿದವನು ಅಳಿಸಲೇಬೇಕು. ಅದಕ್ಕೆ ಮೊದಲು ತನ್ನ ಬರೆಹ, ಚಿತ್ರಗಳ ಪ್ರತಿಯನ್ನು ಇಳಿಸಿಕೊಳ್ಳಬೇಕು. ಅದಕ್ಕೆ ಅಲ್ಲಿಯೇ ಅನುಕೂಲವಿದೆ. ಆದರೆ ನನ್ನದು ತೀರ್ಮಾನವಾಗಿರಲಿಲ್ಲ, ಕೋಪವಾಗಿತ್ತು.

ನಾನು ಮರಳಿದ್ದು ನಲವತ್ತು ದಿನಗಳ ಮೇಲೆ. ಹಳೆಯ ಟಿಪ್ಪಣಿಗಳನ್ನು ತಿರುವಿಹಾಕುತ್ತಿದ್ದಾಗ, ಜಗಳಕ್ಕೆ ಕಾರಣವಾದ ಆ ಶಬ್ದವನ್ನು ಕುರಿತು ನಾನೇ ಹಿಂದೊಮ್ಮೆ ಬರೆದದ್ದು ಕಣ್ಣಿಗೆ ಬಿತ್ತು. ಅದರ ಕೆಳಗೆ, ನನ್ನೊಡನೆ ಬಹುಕಾಲ ಪಾಠ ಹೇಳಿದ ಮಿತ್ರರೊಬ್ಬರು, ನನ್ನ ವಿವರಣೆ ಸರಿಯಲ್ಲವೆಂದು ಅತ್ಯಂತ ಸೌಮ್ಯವಾದ ಎರಡು ಸಾಲುಗಳಲ್ಲಿ ತಿದ್ದಿದ್ದರು. ನಾನು ಅದನ್ನು ಮರೆತೇಬಿಟ್ಟಿದ್ದೆ. ಮಿತ್ರರು ಈಗಿಲ್ಲ. ಅಂದು ಅಳಿಸಿದ್ದರೆ ನನ್ನ ಟಿಪ್ಪಣಿಯೊಡನೆ ಅವರ ಮಾತೂ ಹೋಗುತ್ತಿತ್ತು. ಗಡುವು ಮುಗಿದು ಹತ್ತು ದಿನವಾಗಿರುತ್ತಿತ್ತು.

ನನ್ನೊಡನೆ ವಾದಿಸಿದ್ದ ತರುಣನಿಗೆ ಅದೇ ದಿನ ಪತ್ರ ಬರೆದೆ. ಶಬ್ದದ ವಿಷಯದಲ್ಲಿ ಆತ ಹೇಳಿದ್ದೇ ಸರಿ ಎಂದು ತಿಳಿಸಿ, ಆಡಿದ ಮಾತಿಗೆ ಕ್ಷಮೆ ಕೇಳಿದೆ.